ಆಯಿಯ ಫೋನು, ಮಗುವಿನ ಕೈ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಂಟರ್ನೆಟ್ ಸುರಕ್ಷತೆ ಕಲಿಸುವ ಸಮಗ್ರ ಮಾರ್ಗದರ್ಶಿ

ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳಲ್ಲಿ ಸ್ವಂತ ಫೋನ್ ಇರುವವರು ಕಡಿಮೆ. ಅವರ ಕೈಗೆ ಸಿಗುವುದು ಆಯಿಯ (ಅಮ್ಮನ) ಫೋನು, ಅಪ್ಪ ದೋಣಿಗೆ ಹೋಗುವಾಗ ಮನೆಯಲ್ಲಿ ಬಿಟ್ಟ ಹಳೆಯ ಫೋನು, ಇಲ್ಲವೇ ರಜೆಗೆ ಬೆಂಗಳೂರಿನಿಂದ ಬಂದ ಅಣ್ಣನ ಫೋನು. ಅದರಲ್ಲೇ ಯುಪಿಐ ಇರುತ್ತದೆ, ಸೊಸೈಟಿಯ ವಾಟ್ಸ್‌ಆ್ಯಪ್ ಗ್ರೂಪ್ ಇರುತ್ತದೆ, ಶಾಲೆಯ ಹೋಮ್‌ವರ್ಕೂ ಬರುತ್ತದೆ. ಹಾಗಾಗಿ ‘ಮಗುವಿನ ಟ್ಯಾಬ್‌ನಲ್ಲಿ ಹೀಗೆ ಮಾಡಿ’ ಎನ್ನುವ ಸಲಹೆಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ.

ಸಿಗ್ನಲ್‌ನದ್ದು ಬೇರೆಯೇ ಕತೆ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಹಳ್ಳಿಗಳಲ್ಲಿ ಎಷ್ಟೋ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಮಕ್ಕಳು ಗುಡ್ಡದ ತುದಿಗೆ, ಬಸ್ ನಿಲ್ದಾಣದ ಕಟ್ಟೆಗೆ, ವೈಫೈ ಇರುವ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಕೂರುತ್ತಾರೆ. ಅಲ್ಲಿ ದೊಡ್ಡವರ ಕಣ್ಣು ಇರುವುದಿಲ್ಲ. ವಿಡಿಯೊಗಳು ಇಂಟರ್ನೆಟ್ಟೇ ಇಲ್ಲದೆ, ದೊಡ್ಡ ಹುಡುಗರ ಫೋನಿನಿಂದ ಕ್ವಿಕ್ ಶೇರ್‌ನಲ್ಲೋ (ಹತ್ತಿರದ ಫೋನಿಗೆ ನೇರವಾಗಿ ಫೈಲ್ ಕಳಿಸುವ ಸೌಲಭ್ಯ) ಮೆಮೊರಿ ಕಾರ್ಡಿನಲ್ಲೋ ದಾಟಿ ಬರುತ್ತವೆ. ಹೀಗೆ ಬಂದದ್ದನ್ನು ಯಾವ ಫಿಲ್ಟರ್ ಕೂಡ ತಡೆಯುವುದಿಲ್ಲ.

ಆದ್ದರಿಂದ ಗುರಿ ಒಂದೇ ಇಟ್ಟುಕೊಳ್ಳಿ: ಫೋನಿನಲ್ಲಿ ಹೆದರಿಕೆ, ನಾಚಿಕೆ ಅಥವಾ ಗೊಂದಲ ಆಗುವಂಥದ್ದು ಏನಾದರೂ ಆದರೆ ಮಗು ಅದೇ ದಿನ ಒಬ್ಬ ದೊಡ್ಡವರಿಗೆ ಹೇಳಬೇಕು. ಸೆಟ್ಟಿಂಗು, ನಿಯಮ, ಪಾಠ ಎಲ್ಲ ಈ ಗುರಿಗೆ ಒದಗಬೇಕು.

ಮೊದಲ ಹೆಜ್ಜೆ: ದೊಡ್ಡವರಿಂದ ಮಾತು ತೆಗೆದುಕೊಳ್ಳಿ

ಮಕ್ಕಳು ಮುಚ್ಚಿಡುವುದಕ್ಕೆ ಮುಖ್ಯ ಕಾರಣ ಫೋನ್ ಕಸಿದುಕೊಳ್ಳುತ್ತಾರೆ ಎಂಬ ಭಯ. ಬೆದರಿಸುವವರಿಗೂ ಇದು ಗೊತ್ತು. ‘ಮನೆಯಲ್ಲಿ ಹೇಳಿದರೆ ನಿನಗೇ ಬೈತಾರೆ’ ಎನ್ನುವುದು ಅವರ ಮಾಮೂಲಿ ಮಾತು. ಆ ಮಾತು ಸುಳ್ಳಾಗುವಂತೆ ಮಾಡಿದರೆ ಅವರ ಅರ್ಧ ಬಲ ಹೋಯಿತು.

ಮಕ್ಕಳಿಗೆ ಪಾಠ ಶುರು ಮಾಡುವ ಮೊದಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಥವಾ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಕೊಡಿ. ಕರಾವಳಿಯ ಶಾಲೆಗಳಿಗೆ ಜೂನ್, ಜುಲೈ ಒಳ್ಳೆಯ ಸಮಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಅಪ್ಪಂದಿರೂ ಮನೆಯಲ್ಲಿರುತ್ತಾರೆ. ಘಟ್ಟದ ಮೇಲಾದರೆ ಅಡಿಕೆ ಕೊಯ್ಲಿನ ದಿನಗಳನ್ನು ಬಿಟ್ಟು ಇಡಿ. ಸಭೆಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿಗೆ ಸಹಿ ಹಾಕಲಿ: ‘ಮಗು ತಾನಾಗಿ ಬಂದು ಹೇಳಿದರೆ ಬೈಯುವುದಿಲ್ಲ, ಹೇಳಿದ ಕಾರಣಕ್ಕೆ ಫೋನ್ ಕಸಿದುಕೊಳ್ಳುವುದಿಲ್ಲ.’ ಈ ಚೀಟಿಯನ್ನು ಮಗುವಿನ ಎದುರಿಗೆ ಓದಿ ಹೇಳಬೇಕು. ಮಗುವಿಗೆ ಗೊತ್ತೇ ಇಲ್ಲದ ಚೀಟಿಯಿಂದ ಏನೂ ಆಗುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಬರುವ ಆಕ್ಷೇಪ: ‘ಹಾಗಾದರೆ ತಪ್ಪು ಮಾಡಿದರೂ ಸುಮ್ಮನಿರಬೇಕಾ?’ ಹಾಗಲ್ಲ. ಹೊತ್ತು ಮೀರಿ ಆಡಿದ್ದಕ್ಕೆ ಶಿಕ್ಷೆ ಇರಲಿ, ಅದನ್ನು ಆ ದಿನವೇ ಕೊಡಬೇಡಿ. ಮಗು ಹೇಳಿದ ದಿನ ಕೇಳಿಸಿಕೊಳ್ಳುವ ಕೆಲಸ ಮಾತ್ರ ಆಗಲಿ.

ಪ್ರತಿ ಮಗುವೂ ಇಬ್ಬರ ಹೆಸರನ್ನು ತಾನೇ ಆರಿಸಿ ಬರೆಯಲಿ, ಮನೆಯವರು ಒಬ್ಬರು, ಶಾಲೆಯವರು ಒಬ್ಬರು. ಮನೆಯವರು ಅಜ್ಜಿಯೋ ಚಿಕ್ಕಮ್ಮನೋ ಆದರೂ ಸರಿ. ಶಾಲೆಯಲ್ಲಿ ಕ್ಲಾಸಿನ ಅಕ್ಕೋರೇ (ಶಿಕ್ಷಕಿಯೇ) ಆಗಬೇಕೆಂದಿಲ್ಲ. ಬಿಸಿಯೂಟದ ಅಕ್ಕನ ಹೆಸರು ಬರೆದರೆ ಅವರಿಗೂ ಕರೆದು ತಿಳಿಸಿ. ಭಟ್ಕಳದ ನವಾಯತಿ ಮಾತಾಡುವ ಮಗು, ಕಾರವಾರದ ಕೊಂಕಣಿ ಮನೆಯ ಮಗು ಹೆದರಿದಾಗ ಮಾತಾಡುವುದು ಮನೆಮಾತಿನಲ್ಲೇ. ಕನ್ನಡದಲ್ಲಿ ಹೇಳು ಎಂದು ಒತ್ತಾಯಿಸಬೇಡಿ.

ಎರಡನೆಯದು: ಫೋನ್ ಸಜ್ಜು ಮಾಡುವುದು

ಒಂದು ಫೋನಿಗೆ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ. ಮನೆಯಲ್ಲಿ ನೆಟ್ ನಿಧಾನವಿದ್ದರೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೋ ಪೇಟೆಗೋ ಹೋದಾಗ ಮಾಡಿ. ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ಟೈಪ್ ಮಾಡಿ.

ಮೊದಲು ಸ್ಕ್ರೀನ್ ಲಾಕ್ ಬದಲಿಸಿ. ಗೆರೆ ಎಳೆಯುವ ಪ್ಯಾಟರ್ನ್ ಮಕ್ಕಳಿಗೆ ಎರಡು ಸಲ ನೋಡಿದರೆ ಬರುತ್ತದೆ. 6 ಅಂಕಿಯ ಪಿನ್ ಇಡಿ. ಯುಪಿಐ ಪಿನ್ ಅದೇ ಆಗಿರಕೂಡದು. ಮಗು ಹುಟ್ಟಿದ ವರ್ಷವಂತೂ ಬೇಡವೇ ಬೇಡ.

ಆಮೇಲೆ ಪ್ಲೇ ಸ್ಟೋರ್. ಮೇಲ್ಗಡೆ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್. ಆನ್ ಮಾಡಿದರೆ 4 ಅಂಕಿಯ ಹೊಸ ಪಿನ್ ಕೇಳುತ್ತದೆ. ಆ್ಯಪ್ಸ್ ಮತ್ತು ಗೇಮ್ಸ್‌ಗೆ 7+ ಆರಿಸಿ. ಅದೇ ಸೆಟ್ಟಿಂಗ್ಸ್‌ನಲ್ಲಿ ಖರೀದಿಗೆ ಪ್ರತಿ ಸಲವೂ ದೃಢೀಕರಣ ಕೇಳುವಂತೆ ಮಾಡಿ, ಇಲ್ಲವಾದರೆ ಆಟದೊಳಗಿನ ‘ಡೈಮಂಡ್’ ಒಂದೇ ಒತ್ತಿಗೆ ಖರೀದಿಯಾಗಬಹುದು. ಇಲ್ಲಿ ಎಡವುವ ಜಾಗ ಒಂದಿದೆ. ಈ ಕಟ್ಟು ಪ್ಲೇ ಸ್ಟೋರ್‌ನಿಂದ ಇನ್ನು ಮುಂದೆ ಹಾಕಿಕೊಳ್ಳುವ ಆ್ಯಪ್‌ಗಳಿಗೆ ಮಾತ್ರ. ಆಗಲೇ ಇರುವ ಆ್ಯಪ್ ಹಾಗೇ ಉಳಿಯುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲನ್ನು (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಇದು ತಡೆಯುವುದಿಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ನೋಟಿಸು ಎಂಬ ಹೆಸರಿನಲ್ಲಿ ಬರುವ ಎಪಿಕೆಗಳು ಮೆಸೇಜು, ಒಟಿಪಿಗಳನ್ನು ಕದಿಯುತ್ತವೆ; ಬಣ್ಣದ ಚಿಹ್ನೆ ಕಂಡ ಮಗು ಒತ್ತಿಯೇ ಒತ್ತುತ್ತದೆ. ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ಆಫ್ ಮಾಡಿ. ಕ್ವಿಕ್ ಶೇರ್‌ನಲ್ಲಿ ‘ಎಲ್ಲರೂ’ ಎಂದಿದ್ದರೆ ಅದನ್ನೂ ಬದಲಿಸಿ.

ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿದರೆ ಕಮೆಂಟ್‌ಗಳು ಮರೆಯಾಗುತ್ತವೆ, ದೊಡ್ಡವರ ವಿಡಿಯೊಗಳಲ್ಲಿ ಬಹಳಷ್ಟು ಕಾಣುವುದಿಲ್ಲ. ಆದರೆ ಇದು ಒಂದೊಂದು ಫೋನಿನಲ್ಲೂ ಬೇರೆಬೇರೆ ಹಾಕಬೇಕಾದದ್ದು. ಆಟೋಪ್ಲೇ ಆಫ್ ಮಾಡಿ. ಮಗು ಬೇಡದ ವಿಡಿಯೊಗೆ ಹೋಗಿ ಮುಟ್ಟುವುದು ಹೆಚ್ಚಾಗಿ ಹುಡುಕಿ ಅಲ್ಲ, ಒಂದರ ಹಿಂದೆ ಒಂದು ತಾನಾಗಿ ಬಂದು. ಎಂಟು ವರ್ಷದೊಳಗಿನವರಿಗೆ ಯೂಟ್ಯೂಬ್ ಕಿಡ್ಸ್ ಹಾಕಿ, 5–8 ವರ್ಷದ ಗುಂಪು ಆರಿಸಿ, ಹುಡುಕಾಟ ಆಫ್ ಮಾಡಿ. ನೀವೇ ಆರಿಸಿದ್ದು ಮಾತ್ರ ಕಾಣುವಂತೆ ಮಾಡುವ ಆಯ್ಕೆಯೂ ಅದರಲ್ಲಿದೆ. ಹತ್ತು ಹದಿನೈದು ಕನ್ನಡ ಚಾನೆಲ್, ವಿಡಿಯೊ ಆರಿಸಿ ಕೊಡುವುದು ಒಂದು ಸಂಜೆಯ ಕೆಲಸ. ಫಿಲ್ಟರ್ ಹಾಕಿದ್ದೇವೆ, ಕನ್ನಡ ಕೊಂಕಣಿಯ ಬೈಗುಳವನ್ನೆಲ್ಲ ಅದು ಹಿಡಿಯುತ್ತದೆ ಎಂದು ನಂಬಿ ಕೂರಬೇಡಿ.

ವಾಟ್ಸ್‌ಆ್ಯಪ್‌ಗೆ ಕನಿಷ್ಠ ವಯಸ್ಸು 13. ಆಯಿಯ ಖಾತೆಯಲ್ಲೇ ಹೋಮ್‌ವರ್ಕ್ ನೋಡುವುದಾದರೆ ಮೀಡಿಯಾ ಆಟೋ ಡೌನ್‌ಲೋಡ್ ಮತ್ತು ಮೀಡಿಯಾ ವಿಸಿಬಿಲಿಟಿ ಎರಡನ್ನೂ ಆಫ್ ಮಾಡಿ. ಊರಿನ ಗ್ರೂಪಿನಲ್ಲಿ ಯಾರೋ ಹಾಕಿದ ಅಪಘಾತದ ಫೋಟೊ ಆಗ ಗ್ಯಾಲರಿಗೆ ಬಂದು ಕೂರುವುದಿಲ್ಲ. ಪ್ರೈವಸಿಯಲ್ಲಿ ಗ್ರೂಪ್ಸ್ ಮತ್ತು ಪ್ರೊಫೈಲ್ ಫೋಟೊ ‘ಮೈ ಕಾಂಟ್ಯಾಕ್ಟ್ಸ್’ ಇರಲಿ, ಗುರುತಿಲ್ಲದವರ ಕರೆ ಸದ್ದು ಮಾಡದಂತೆ ಇರಲಿ.

ಮಗುವಿಗೆ ಒಂದೇ ಆ್ಯಪ್ ಕೊಡಬೇಕಾದಾಗ ಆ್ಯಪ್ ಪಿನ್ನಿಂಗ್ ಬಹಳ ಉಪಯೋಗ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ, ಬಿಡಿಸಲು ಪಿನ್ ಕೇಳುವ ಆಯ್ಕೆಯನ್ನೂ ಹಾಕಿ. ಆಮೇಲೆ ಪಾಠದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಹೋಗಿ, ಅದರ ಚಿಹ್ನೆ ಒತ್ತಿ ‘ಪಿನ್’ ಮಾಡಿ. ಮಗು ಅದರಿಂದ ಆಚೆ ಹೋಗಲಾರದು. ಮಗುವಿಗೇ ಎಂದು ಬೇರೆ ಫೋನ್ ಇದ್ದರೆ ಮಾತ್ರ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ. ಆ್ಯಪ್‌ಗೆ ಒಪ್ಪಿಗೆ, ದಿನದ ಮಿತಿ, ಮಲಗುವ ಹೊತ್ತಿಗೆ ಲಾಕ್ ಎಲ್ಲ ಅದರಲ್ಲಿದೆ. ನೀವು ಮಾಡಿದ ಬದಲಾವಣೆ ಮಗುವಿನ ಫೋನಿಗೆ ತಲುಪುವುದು ಅದಕ್ಕೆ ನೆಟ್ ಸಿಕ್ಕಾಗಲೇ ಎಂಬುದು ನೆನಪಿರಲಿ.

ಮೂರನೆಯದು: ತರಗತಿಯಲ್ಲಿ ಆರು ಪಾಠ

ವಾರಕ್ಕೊಂದರಂತೆ 40 ನಿಮಿಷದ ಆರು ಅವಧಿ ಸಾಕು. ಒಂದಕ್ಕೂ ಕಂಪ್ಯೂಟರ್ ಬೇಡ, ಕರೆಂಟೂ ಬೇಡ. ಒಂದೇ ದಿನ ಎಲ್ಲ ಹೇಳಿದರೆ ಮಕ್ಕಳಿಗೆ ನೆನಪಿರುವುದು ಹೆದರಿಕೆ ಮಾತ್ರ.

ಮೊದಲ ಪಾಠ ಚೀಟಿಯ ಆಟ. ಇಪ್ಪತ್ತು ಚೀಟಿ ಬರೆಯಿರಿ: ಇಷ್ಟದ ಹಣ್ಣು, ಇಷ್ಟದ ಯಕ್ಷಗಾನದ ಪಾತ್ರ, ಪೂರ್ತಿ ಹೆಸರು, ಶಾಲೆಯ ಹೆಸರು, ಅಪ್ಪನ ದೋಣಿಯ ಹೆಸರು, ಮನೆಗೆ ಹೋಗುವ ಬಸ್ಸು, ಆಯಿ ತೋಟಕ್ಕೆ ಹೋಗುವ ಹೊತ್ತು, ಹೀಗೆ. ‘ಯಾರಿಗೂ ಹೇಳಬಹುದು’, ‘ಮನೆಯಲ್ಲಿ ಕೇಳಿ ಹೇಳಬೇಕು’ ಎಂಬ ಎರಡು ಡಬ್ಬಿಗೆ ಮಕ್ಕಳು ಹಾಕಲಿ. ಆಮೇಲೆ ಎರಡನೇ ಡಬ್ಬಿಯಿಂದ ಮೂರು ಚೀಟಿ ತೆಗೆದು ಕೇಳಿ: ಅಂಕೋಲಾದ ಇಂಥ ಶಾಲೆ, ನಾಲ್ಕನೇ ಕ್ಲಾಸು, ದೋಣಿಯ ಹೆಸರು ಇದು, ಇಷ್ಟು ಗೊತ್ತಾದರೆ ಮನೆ ಹುಡುಕಬಹುದಾ? ‘ಹುಡುಕಬಹುದು, ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ’ ಎಂದು ಮಕ್ಕಳೇ ಹೇಳುತ್ತಾರೆ. ಒಂದೊಂದಾಗಿ ಏನೂ ಅಲ್ಲದ ಸಂಗತಿ ಮೂರು ಸೇರಿದರೆ ವಿಳಾಸವಾಗುತ್ತದೆ ಎಂಬುದು ಆಗ ಅವರಿಗೇ ಹೊಳೆಯುತ್ತದೆ.

ಎರಡನೆಯದು ಫೋಟೊ ಪಾಠ. ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಚಿತ್ರ ಬರೆಯಿರಿ: ಯೂನಿಫಾರ್ಮ್ ಹಾಕಿದ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ, ಹಿಂದೆ ಬೈಕಿನ ನಂಬರ್, ಗೋಡೆಯ ಮೇಲೆ ಮನೆಯ ಹೆಸರು, ಪಕ್ಕದಲ್ಲಿ ದೇವಸ್ಥಾನದ ಫಲಕ. ಊರು ಹೇಳಿಕೊಡುವ ವಸ್ತುವಿಗೆಲ್ಲ ಮಕ್ಕಳು ಸುತ್ತು ಹಾಕಲಿ. ಉಳಿದ ಹತ್ತು ನಿಮಿಷದಲ್ಲಿ ಇನ್ನೊಂದು ಕೆಲಸ ಮಾಡಿಸಿ. ಒಬ್ಬ ಹುಡುಗ ಒಂದು ಚೀಟಿಯ ಮೇಲೆ ‘ನನಗೆ ಹಾಗಲಕಾಯಿ ಅಂದ್ರೆ ಇಷ್ಟ’ ಎಂದು ಬರೆದು ಪಕ್ಕದವರಿಗೆ ಕೊಡಲಿ. ಪ್ರತಿಯೊಬ್ಬರೂ ಅದನ್ನು ತಮ್ಮ ಪಟ್ಟಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಬರೆದುಕೊಂಡು ಮುಂದೆ ದಾಟಿಸಲಿ. ಚೀಟಿ ತಿರುಗಿ ಬಂದಾಗ ಆ ಹುಡುಗನ ಕೈಯಲ್ಲೇ ಅದನ್ನು ಹರಿಸಿ, ‘ಡಿಲೀಟ್ ಆಯ್ತು. ಈಗ ಎಷ್ಟು ಪಟ್ಟಿಯಲ್ಲಿದೆ?’ ಎಂದು ಕೇಳಿ. ಕ್ಲಾಸು ಎಣಿಸಲು ಶುರು ಮಾಡುತ್ತದೆ. ಫಾರ್ವರ್ಡ್ ಎಂದರೇನು ಎಂದು ಬಾಯಲ್ಲಿ ಎಷ್ಟು ಹೇಳಿದರೂ ಇಷ್ಟು ಮನಸ್ಸಿಗೆ ಹೋಗುವುದಿಲ್ಲ. ಗೆಳೆಯರ ಮುಖಕ್ಕೆ ಸ್ಟಿಕ್ಕರ್ ಮಾಡಿ ಹಂಚುವ ವಿಷಯವನ್ನೂ ಇಲ್ಲೇ ಸೇರಿಸಿಬಿಡಿ.

ಮೂರನೆಯದು ಅತಿ ಮುಖ್ಯ: ಗುರುತಿಲ್ಲದ ಗೆಳೆಯ. ಲೂಡೊದಂಥ ಸಾದಾ ಆಟದಲ್ಲೂ ಚಾಟ್ ಇರುತ್ತದೆ. ಪ್ರತಿ ಮಗುವಿಗೂ ಕೆಂಪು ಬಣ್ಣದ ಒಂದು ಕಾರ್ಡ್ ಕೊಟ್ಟು, ಈ ಮಾತುಗಳನ್ನು ನಿಧಾನವಾಗಿ ಓದಿ. ‘ಚೆನ್ನಾಗಿ ಆಡ್ತೀಯಲ್ಲ!’ ‘ಎಷ್ಟನೇ ಕ್ಲಾಸು?’ ‘ನಾನೂ ಐದನೇ ಕ್ಲಾಸೇ.’ ‘ಇದು ಯಾರ ಫೋನು? ಅವರು ಈಗ ಎಲ್ಲಿ?’ ‘ನಿನಗೆ 500 ಡೈಮಂಡ್ ಕಳಿಸ್ತೀನಿ, ವಾಟ್ಸ್‌ಆ್ಯಪ್ ನಂಬರ್ ಕೊಡು.’ ‘ಒಂದು ಫೋಟೊ ಕಳಿಸು.’ ‘ಇದು ನಮ್ಮಿಬ್ಬರ ಗುಟ್ಟು, ಮನೇಲಿ ಹೇಳಬೇಡ.’ ಸರಿಯಲ್ಲ ಅನಿಸಿದ ಕೂಡಲೇ ಕಾರ್ಡ್ ಎತ್ತಬೇಕು. ಕೆಲವರು ಎರಡನೇ ಸಾಲಿಗೇ ಎತ್ತುತ್ತಾರೆ, ಬಹಳ ಮಂದಿ ಫೋಟೊದವರೆಗೆ ಕಾಯುತ್ತಾರೆ. ಯಾಕೆ ಎತ್ತಿದೆ, ಯಾಕೆ ಎತ್ತಲಿಲ್ಲ ಎಂದು ಇಬ್ಬರನ್ನೂ ಕೇಳಿ. ‘ಫೋನು ಯಾರದ್ದು, ಅವರೆಲ್ಲಿ’ ಎಂಬ ಸಾಲಿನ ಹತ್ತಿರ ನಿಲ್ಲಿಸಿ ವಿವರಿಸಿ: ಅವನು ತಿಳಿದುಕೊಳ್ಳುತ್ತಿರುವುದು ಹತ್ತಿರದಲ್ಲಿ ದೊಡ್ಡವರು ಇದ್ದಾರೋ ಇಲ್ಲವೋ ಎಂದು. ಕೆಟ್ಟವರು ಕೆಟ್ಟದಾಗಿ ಮಾತಾಡುತ್ತಾರೆ ಎಂದುಕೊಂಡ ಮಗು ಸಿಕ್ಕಿಬೀಳುತ್ತದೆ. ಇಂಥವರ ಮಾತು ಮೊದಮೊದಲು ಬಹಳ ಹಿತವಾಗಿರುತ್ತದೆ. ಮಕ್ಕಳು ಒಂದು ನಿಯಮ ಬಾಯಿಪಾಠ ಮಾಡಲಿ: ಮನೆಯವರಿಂದ ಮುಚ್ಚಿಡು ಎಂದವರ ಮಾತನ್ನು ಮನೆಯಲ್ಲಿ ಮೊದಲು ಹೇಳುವುದು.

ನಾಲ್ಕನೆಯದು ದುಡ್ಡು ಮತ್ತು ಒಟಿಪಿ. ಎಷ್ಟೋ ಮನೆಯಲ್ಲಿ ಅಜ್ಜಿಗೆ ಇಂಗ್ಲಿಷ್ ಮೆಸೇಜ್ ಓದಿ ಹೇಳುವುದು ಮೂರನೇ ಕ್ಲಾಸಿನ ಮಗು. ಫೋನ್ ಮಾಡಿದವರು ‘ಮೆಸೇಜ್ ಬಂತಲ್ಲ, ನಂಬರ್ ಓದು ಪುಟ್ಟಾ’ ಎಂದರೆ ಅದು ಓದಿಬಿಡುತ್ತದೆ. ಓದಿ ಹೇಳುವುದು ಒಳ್ಳೆಯ ಕೆಲಸ ಎಂದೇ ನಾವು ಕಲಿಸಿದ್ದೇವೆ, ಆದ್ದರಿಂದ ಒಟಿಪಿಯನ್ನು ಮನೆಯೊಳಗಿನವರಿಗೆ ಮಾತ್ರ ಓದಬೇಕು ಎಂದು ಬಿಡಿಸಿ ಹೇಳಬೇಕು. ಇನ್ನೆರಡು ಸಂಗತಿ: ಪಿನ್ ಒತ್ತುವುದು, ಕ್ಯೂಆರ್ ಸ್ಕ್ಯಾನ್ ಮಾಡುವುದು ದುಡ್ಡು ಕೊಡುವಾಗ, ದುಡ್ಡು ಬರುವುದಕ್ಕೆ ಎರಡೂ ಬೇಡ. ‘ಅಪ್ಪನಿಗೆ ದೋಣಿಯಲ್ಲಿ ಪೆಟ್ಟಾಗಿದೆ, ಆಸ್ಪತ್ರೆಗೆ ದುಡ್ಡು ಹಾಕಿ’ ಎಂಬ ಕರೆ ಬಂದರೆ ಫೋನ್ ಇಟ್ಟು, ಅಪ್ಪನಿಗೋ ದೋಣಿಯ ಯಜಮಾನರಿಗೋ ಗೊತ್ತಿರುವ ನಂಬರಿನಿಂದ ಕೇಳಬೇಕು. ಈಗ ದನಿಯನ್ನೂ ನಕಲು ಮಾಡಬಹುದಾದ್ದರಿಂದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಲು ಹೇಳಿ. ಹಣ ಕಟ್ಟಿ ಆಡುವ ಆಟದ ಜಾಹೀರಾತು ಬಂದರೆ ಒತ್ತಬಾರದು. ಅಂಥ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ.

ಐದನೆಯದು ಪಾಸ್‌ವರ್ಡ್, ಚಿಕ್ಕ ಪಾಠ. ಸಂಬಂಧವಿಲ್ಲದ ಮೂರು ಪದ ಸೇರಿಸಿದರೆ ಆಯಿತು, ಮುರುಗಲು, ಸೈಕಲ್, ಬುಧವಾರ ಎಂಬ ಹಾಗೆ. ಹಿಡಿದ ಪಾಸ್‌ವರ್ಡನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಹೇಳಿಸಬೇಡಿ.

ಆರನೆಯ ಅವಧಿಯಲ್ಲಿ ಹೇಳುವುದನ್ನೇ ಅಭ್ಯಾಸ ಮಾಡಿಸಿ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಸುಮ್ಮನಾಗುವ ಮಕ್ಕಳು ಬಹಳ. ‘ಅಕ್ಕೋರೇ, ಫೋನಲ್ಲಿ ಒಂದು ವಿಷಯ ಆಗಿದೆ’, ‘ಆಯೀ, ಫೋನಲ್ಲಿ ಎಂತದೋ ಆಜು’ ಎಂದು ಅವರವರ ಮನೆಮಾತಿನಲ್ಲಿ ಮೊದಲ ವಾಕ್ಯವನ್ನು ಇಬ್ಬಿಬ್ಬರಾಗಿ ಹೇಳಿ ನೋಡಲಿ. ಅಷ್ಟೂ ಆಗದವರು ಆ ಕೆಂಪು ಕಾರ್ಡನ್ನೇ ಮೇಜಿನ ಮೇಲೆ ಇಟ್ಟು ಹೋದರೂ ಸಾಕು ಎಂದು ತಿಳಿಸಿ.

ಮನೆಯಲ್ಲಿ

ಫೋನ್ ನೋಡುವ ಜಾಗ ಜಗಲಿ ಅಥವಾ ಅಡುಗೆಮನೆಯ ಬಾಗಿಲ ಹತ್ತಿರ; ಮೆತ್ತಿನ (ಮಹಡಿಯ) ಮೇಲೆ, ಕೋಣೆಯೊಳಗೆ ಬೇಡ. ರಾತ್ರಿ ಚಾರ್ಜ್‌ಗೆ ಇಡುವುದು ದೊಡ್ಡವರು ಮಲಗುವ ಕಡೆ. ಸಿಗ್ನಲ್ ಹುಡುಕಿ ಹೊರಗೆ ಹೋಗಲೇಬೇಕಾದರೆ ಪಾಠವನ್ನು ಡೌನ್‌ಲೋಡ್ ಮಾಡಿಕೊಂಡು ಮನೆಗೆ ಬಂದು ನೋಡುವ ಕ್ರಮ ಮಾಡಿ. ಗುಡ್ಡದ ಮೇಲೆ ಕೂರುವ ಹೊತ್ತು ಹತ್ತು ನಿಮಿಷಕ್ಕೆ ಇಳಿಯುತ್ತದೆ. ವಾರದಲ್ಲಿ ಎರಡು ಸಲ ಮಗುವಿನ ಜೊತೆ ಕೂತು ಅದು ನೋಡುವ ವಿಡಿಯೊ, ಆಡುವ ಆಟ ನೀವೂ ನೋಡಿ. ಕದ್ದು ಫೋನ್ ತಪಾಸಣೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಕದ್ದು ನೋಡಿದ್ದು ಗೊತ್ತಾದ ಮಗು ಮರುದಿನದಿಂದ ಅಳಿಸುವುದನ್ನು ಕಲಿಯುತ್ತದೆ.

ಶಾಲೆಯೂ ತನ್ನ ಕಡೆ ನೋಡಿಕೊಳ್ಳಬೇಕು. ಪ್ರತಿಭಾ ಕಾರಂಜಿಯ ಫೋಟೊಗೆ ಮಗುವಿನ ಪೂರ್ತಿ ಹೆಸರು, ತರಗತಿ, ಊರು ಬರೆದು ಸ್ಟೇಟಸ್ ಹಾಕಿದರೆ ಎರಡನೇ ಪಾಠದಲ್ಲಿ ಕಲಿಸಿದ್ದೆಲ್ಲ ವ್ಯರ್ಥ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಗುಂಪಿನ ಫೋಟೊ ಹಾಕಿ, ಹೆಸರು ಬಿಡಿ. ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಮಾಡಿ.

ಆಗಿಯೇ ಹೋದರೆ

ಮೊದಲು ಕೇಳಿಸಿಕೊಳ್ಳಿ. ‘ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ’ ಎನ್ನುವ ಎರಡು ಮಾತು ಸಾಕು. ‘ಯಾಕೆ ಕಳಿಸಿದೆ?’ ಎಂದು ಕೇಳಬೇಡಿ. ಮಗು ಹೇಳಿದ್ದನ್ನು ಅದರದೇ ಪದಗಳಲ್ಲಿ, ದಿನಾಂಕ, ಹೊತ್ತು ಸಮೇತ ಬರೆದಿಡಿ. ಮುಖ್ಯಾಧ್ಯಾಪಕರ ಎದುರು, ಅಪ್ಪನ ಎದುರು, ಮಾವನ ಎದುರು ಮತ್ತೆ ಮತ್ತೆ ಹೇಳಿಸಬೇಡಿ.

ಉತ್ತರ ಕೊಡಬೇಡಿ, ಏನನ್ನೂ ಅಳಿಸಬೇಡಿ. ಬೆದರಿಕೆ ಅಥವಾ ಬೈಗುಳದ ಮೆಸೇಜ್ ಆದರೆ ಕಳಿಸಿದವರ ಹೆಸರು, ನಂಬರ್ ಅಥವಾ ಐಡಿ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ದೂರು ಕೊಟ್ಟ ಮೇಲೆ ಬ್ಲಾಕ್ ಮಾಡಿ. ಮೊದಲೇ ಬ್ಲಾಕ್ ಮಾಡಿದರೆ ಎಷ್ಟೋ ಆ್ಯಪ್‌ನಲ್ಲಿ ಅವರ ಪ್ರೊಫೈಲ್ ಮತ್ತೆ ಸಿಗುವುದಿಲ್ಲ. ಮಗುವಿನ ಬೆತ್ತಲೆ ಚಿತ್ರ ಇದ್ದರೆ ಮಾತ್ರ ಕ್ರಮ ಬೇರೆ: ಸ್ಕ್ರೀನ್‌ಶಾಟ್ ತೆಗೆಯಬೇಡಿ, ‘ನೋಡಿ ಸರ್’ ಎಂದು ಯಾರಿಗೂ ಕಳಿಸಬೇಡಿ. ಅದನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಫೋನನ್ನು ಇದ್ದ ಹಾಗೇ ಪೊಲೀಸರಿಗೆ ಒಪ್ಪಿಸಿ.

ದುಡ್ಡು ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೊತ್ತು ಕಳೆದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿ ತಡೆಹಿಡಿಯುವುದು ಕಷ್ಟವಾಗುತ್ತದೆ. ಕರೆ ಮಾಡುವಾಗ ಮೊತ್ತ, ಹೊತ್ತು, ಬ್ಯಾಂಕಿನ ಹೆಸರು, ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. ಮಗುವಿಗೆ ಸಂಬಂಧಿಸಿದ್ದಕ್ಕೆ ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ತಕ್ಷಣದ ಅಪಾಯಕ್ಕೆ 112. ಕಾರವಾರದಲ್ಲಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಪೊಲೀಸ್ ಠಾಣೆ ಇದೆ. ಭಟ್ಕಳದಿಂದ, ಹಳಿಯಾಳದಿಂದ ಅಷ್ಟು ದೂರ ಹೋಗಲಾಗದವರು ಹತ್ತಿರದ ಠಾಣೆಗೆ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಲೈಂಗಿಕ ಕಿರುಕುಳವಾದರೆ ಮುಚ್ಚಿಹಾಕುವ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ‘ಊರಲ್ಲಿ ಮರ್ಯಾದೆ ಹೋಗುತ್ತದೆ’ ಎಂದು ಹಿಂಜರಿಯುವ ಮನೆಯವರಿಗೆ 24ನೇ ಕಲಂ ಬಿಡಿಸಿ ಹೇಳಿ: ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗುವಿಗೆ ಹಿತವಾದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ದರ್ಜೆಗಿಂತ ಕಡಿಮೆಯಿಲ್ಲದವರು, ಯೂನಿಫಾರ್ಮ್ ಇಲ್ಲದೆ ಬರಬೇಕು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಗುರುತು ಮಾಧ್ಯಮದಲ್ಲಿ ಬಾರದಂತೆಯೂ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ.

ದೂರು ಕೊಟ್ಟು ಬಂದ ಸಂಜೆ ಮಗು ಎಂದಿನಂತೆ ಆಡಲಿ, ಊಟ ಮಾಡಲಿ. ಸಾಕ್ಷ್ಯಕ್ಕೆಂದು ಫೋನ್ ಠಾಣೆಯಲ್ಲಿ ಇರಬೇಕಾದರೆ ಅದು ಶಿಕ್ಷೆಯಲ್ಲ, ತನಿಖೆಗೆ ಬೇಕಾಗಿದೆ ಎಂದು ಮಗುವಿಗೆ ಬಾಯಿಬಿಟ್ಟು ಹೇಳಿ. ಹೋಮ್‌ವರ್ಕ್ ಅಷ್ಟು ದಿನ ಪಕ್ಕದ ಮನೆಯವರ ಫೋನಿನಿಂದ ಬರೆದುಕೊಳ್ಳಬಹುದು. ಬೇಸಿಗೆ ರಜೆ ಮತ್ತು ದಸರಾ ರಜೆಗೆ ಮೊದಲು ಮೂರನೇ ಮತ್ತು ಆರನೇ ಪಾಠವನ್ನು ಇನ್ನೊಮ್ಮೆ ಮಾಡಿ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ, ಹೊಸ ಫೋನ್ ಕೊಂಡಾಗ ಎಲ್ಲ ಸೆಟ್ಟಿಂಗ್ಸ್ ಮೊದಲಿನಿಂದ ನೋಡಿ.